ಘಾಟಿ ಹತ್ತೋ ಹಳೇ ಗಾಡಿಗೆ ಯಾವ ಫ್ಯಾನ್ ಸ್ವಿಚ್ ಹಾಕಿಸಬೇಕು?

ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ 14 ತಿರುವು. ನಮ್ಮನೆಯ ಹಳೇ ಕಾರ್ಬುರೇಟರ್ ಕಾರು ಒಂಬತ್ತನೇ ತಿರುವು ದಾಟಿ ನಿಂತಿತು. ನಿಂತಿತು ಅಂದರೆ ನಾನೇ ನಿಲ್ಲಿಸಿದೆ, ಸೂಜಿ ಕೆಂಪು ಗೆರೆ ಮುಟ್ಟಿತ್ತು. ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ನೀರು ತಣಿಸುವ ಫ್ಯಾನ್ ತಿರುಗುತ್ತಲೇ ಇಲ್ಲ. ಅದರ ರೆಕ್ಕೆಗೆ ಒಂದು ಒಣ ಎಲೆ ಅಂಟಿಕೊಂಡಿತ್ತು, ಜೊತೆಗೆ ಜೇಡರ ಬಲೆ ಬೇರೆ. ಅಂದರೆ ಎಷ್ಟು ತಿಂಗಳಿಂದ ಅದು ತಿರುಗಿಲ್ಲವೋ ಏನೋ! ಅತ್ತೆ ಹಿಂದಿನ ಸೀಟಿನಿಂದ "ನೀರು ಹೊಯ್ಯಿ ಮಾರಾಯ" ಅಂತ ಬಾಟಲಿ ಚಾಚಿದರು. ನಾನು ಕ್ಯಾಪ್ ಮುಟ್ಟಲಿಲ್ಲ. ಕುದಿಯುವ ರೇಡಿಯೇಟರಿನ ಕ್ಯಾಪ್ ತೆಗೆದು ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಮುಕ್ಕಾಲು ಗಂಟೆ ಮಂಗಗಳ ಜೊತೆ ಕೂತು, ತಣ್ಣಗಾದ ಮೇಲೆ, ಎಂಜಿನ್ನಿನ ಬಿಸಿ ಸ್ವಲ್ಪ ಆ ಕಡೆ ಹೋಗಲಿ ಅಂತ ಒಳಗಿನ ಹೀಟರ್ ಫುಲ್ ಇಟ್ಟು, ಬೆವರು ಸುರಿಸಿಕೊಂಡು ಉಳಿದ ತಿರುವು ಹತ್ತಿದೆವು.

ಕೆಟ್ಟಿದ್ದು ಸ್ವಿಚ್ಚು, ನೀರು ಬಿಸಿಯಾದಾಗ ಆ ಫ್ಯಾನನ್ನು ತಾನಾಗಿ ಹಾಕುವಂಥದ್ದು. ಆಮೇಲೆ ಶುರುವಾಯಿತು ಸಲಹೆಗಳ ಮಳೆ. ಒಬ್ಬರು ಡೈರೆಕ್ಟ್ ಮಾಡಿಸು ಅಂದರು, ಒಬ್ಬರು ಡಿಜಿಟಲ್ ಹಾಕು ಅಂದರು, ಭಾವ ತನ್ನ ಜೀಪಿಗೆ ಹಾಕಿಸಿದ ತಿರುಗಿಸೋ ಗುಂಡಿಯದ್ದೇ ಬೆಸ್ಟ್ ಅಂದ. ಸುಮಾರು ಎಲ್ಲವನ್ನೂ ನನ್ನ ಗಾಡಿಯಲ್ಲೋ ನೆಂಟರ ಗಾಡಿಯಲ್ಲೋ ನೋಡಿ ಆಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಬಳ್ಳಾರಿ, ರಾಯಚೂರಿನ ಬಿಸಿಲಲ್ಲಿ ಫ್ಯಾನ್ ದಿನಾ ತಿರುಗುತ್ತದೆ, ಅಲ್ಲಿ ಸ್ವಿಚ್ಚು ದುಡಿದು ದುಡಿದು ಸವೆಯುತ್ತದೆ. ನಮ್ಮ ಮಲೆನಾಡಿನ ಕಡೆ ಹಾಗಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಜಡಿಮಳೆ, ರಸ್ತೆಯಲ್ಲಿ ಓಡುವಾಗ ಮುಂದಿನಿಂದ ಬರುವ ತಣ್ಣನೆ ಗಾಳಿಯೇ ರೇಡಿಯೇಟರಿಗೆ ಸಾಕು. ಇಲ್ಲಿ ಸ್ವಿಚ್ಚು ಸುಮ್ನೆ ಕೂತು ಕೆಡುತ್ತದೆ. ಪಿನ್ನಿಗೆ ಹಸಿರು ಕಿಲುಬು ಹಿಡಿದು, ವೈರು ಒಳಗೊಳಗೇ ಕೊಳೆತು ಹೋಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಬೇಕಾಗುವುದು ವರ್ಷಕ್ಕೆ ನಾಲ್ಕಾರು ಸಲ: ಘಾಟಿಯಲ್ಲಿ ಬಸ್ಸಿನ ಹಿಂದೆ ಫಸ್ಟ್ ಗೇರಲ್ಲಿ ತೆವಳುವಾಗ, ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಯ ಜಾಮಿನಲ್ಲಿ ಸಿಕ್ಕಿಕೊಂಡಾಗ. ಆಗಲೇ ಕೈ ಕೊಡುತ್ತದೆ. ಹಾಗಾಗಿ ನಾನು ಯಾವುದೇ ಸ್ವಿಚ್ಚನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಆರು ತಿಂಗಳು ಒದ್ದೆಯಲ್ಲಿ ಸುಮ್ಮನಿದ್ದು, ಏಳನೇ ತಿಂಗಳು ಕರೆದಾಗ ಏಳುತ್ತದಾ?

ಈ ತಲೆನೋವು ಯಾರಿಗೆ ಇಲ್ಲ ಅಂತಲೂ ಹೇಳಿಬಿಡುತ್ತೇನೆ. ಅಂಬಾಸಿಡರ್, ಹಳೇ ಜೀಪುಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಫ್ಯಾನ್ ಬೆಲ್ಟಿನಿಂದಲೇ ತಿರುಗುತ್ತದೆ. ಸ್ವಿಚ್ಚೇ ಇಲ್ಲ. ಮಾರುತಿ 800 ತರಹದ ಗಾಡಿಯಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ಬೆಲ್ಟ್ ಇರುವುದು ಪಕ್ಕದಲ್ಲಿ, ರೇಡಿಯೇಟರ್ ಇರುವುದು ಮುಂದೆ. ಅದಕ್ಕೇ ಫ್ಯಾನಿಗೆ ಬೇರೆ ಮೋಟಾರು, ಮೋಟಾರಿಗೆ ಒಂದು ಸ್ವಿಚ್ಚು. ಇನ್ನು ಈಗಿನ ಗಾಡಿಗಳಲ್ಲಿ ಎಂಜಿನ್ ಕಂಪ್ಯೂಟರ್ ಒಂದು ಸೆನ್ಸರ್ ನೋಡಿಕೊಂಡು ಫ್ಯಾನ್ ಹಾಕುತ್ತದೆ. ಅದಕ್ಕೆ ಹೊರಗಿನಿಂದ ಸ್ವಿಚ್ ಜೋಡಿಸಲು ಹೋಗಲೇಬೇಡಿ, ಸೆನ್ಸರ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಪುಟ್ಟ ಡಬ್ಬಿ), ಫ್ಯೂಸ್ ನೋಡಿಸಿ ಸಾಕು.

ಕೊಳ್ಳುವ ಮೊದಲು, ತಪ್ಪು ಸ್ವಿಚ್ಚಿನದ್ದೇನಾ?

ನೂರಕ್ಕೆ ಎಷ್ಟು ಅಂತ ಹೇಳಲಾರೆ, ಆದರೆ ಸ್ವಿಚ್ ಬದಲಾಯಿಸಿದ ಮೇಲೂ ಗಾಡಿ ಕುದಿಯುವುದು ತುಂಬಾ ಮಾಮೂಲು. ಪರೀಕ್ಷೆ ಸುಲಭ. ಎಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು, ಸ್ವಿಚ್ಚಿನ ಸಾಕೆಟ್ ಎಳೆದು, ಅದರ ಎರಡು ವೈರುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ. ಫ್ಯಾನ್ ತಿರುಗಿದರೆ ಮೋಟಾರು, ಫ್ಯೂಸು, ರಿಲೇ ಎಲ್ಲ ಸರಿ, ಅನುಮಾನ ಸ್ವಿಚ್ಚಿನ ಮೇಲೆ. ತಿರುಗದಿದ್ದರೆ ಸ್ವಿಚ್ ಕೊಂಡು ಪ್ರಯೋಜನವಿಲ್ಲ. ಒಂದೇ ಪಿನ್ನಿನ ಸ್ವಿಚ್ ಆದರೆ ಆ ವೈರನ್ನು ಎಂಜಿನ್ ಬಾಡಿಗೆ ಮುಟ್ಟಿಸಿ ನೋಡಬಹುದು, ಅದು ಅರ್ಥ್ (ಬಾಡಿಯ ಮೂಲಕ ಬ್ಯಾಟರಿಯ ಮೈನಸ್ಸಿಗೆ ಸಂಪರ್ಕ) ಕೊಡುವ ಸ್ವಿಚ್ಚು. ಆದರೆ ಎರಡು ಪಿನ್ನಿನದ್ದರಲ್ಲಿ ಹಾಗೆ ಬಾಡಿಗೆ ಮುಟ್ಟಿಸಬೇಡಿ, ಒಂದು ವೈರಿನಲ್ಲಿ ನೇರ ಕರೆಂಟ್ ಇದ್ದರೆ ಫ್ಯೂಸ್ ಹಾರುತ್ತದೆ. ಕೈ, ಶಾಲು, ಕೂದಲು ಫ್ಯಾನಿನಿಂದ ದೂರ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ಫ್ಯಾನ್ ತಾನೇ ತಿರುಗಲು ಶುರು ಮಾಡುತ್ತದೆ.

ಇನ್ನೊಂದು ಮೋಸ ಇದೆ. ರೇಡಿಯೇಟರಿಗೆ ಕೂರಿಸಿದ ಸ್ವಿಚ್ಚು ರೇಡಿಯೇಟರಿನ ನೀರನ್ನು ಮಾತ್ರ ನೋಡುತ್ತದೆ. ಎಂಜಿನ್ ಬಿಸಿಯಾದ ಮೇಲಷ್ಟೇ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು ಥರ್ಮೋಸ್ಟ್ಯಾಟ್. ಅದು ಮುಚ್ಚಿಕೊಂಡೇ ಕೂತರೆ ಎಂಜಿನ್ ಕುದಿಯುತ್ತಿರುತ್ತದೆ, ರೇಡಿಯೇಟರ್ ತಣ್ಣಗಿರುತ್ತದೆ, ಸ್ವಿಚ್ಚಿಗೆ ಎಲ್ಲ ಆರಾಮಾಗಿದೆ ಅನ್ನಿಸುತ್ತದೆ. ಮೇಲಿನ ಹೋಸ್ ಮುಟ್ಟಲಾಗದಷ್ಟು ಬಿಸಿ, ಕೆಳಗಿನದು ತಣ್ಣಗೆ ಅಂದರೆ ಮೊದಲು ಥರ್ಮೋಸ್ಟ್ಯಾಟ್ ನೋಡಿ. ಹಾಗೇ ಕೂಲೆಂಟ್ (ರೇಡಿಯೇಟರಿಗೆ ಹಾಕುವ ತಣಿಸುವ ದ್ರವ) ಕಮ್ಮಿಯಾಗಿ ಸ್ವಿಚ್ಚಿನ ಮೂತಿ ಗಾಳಿಯಲ್ಲಿದ್ದರೂ ಅಷ್ಟೇ, ಅದಕ್ಕೆ ಬಿಸಿ ತಾಗುವುದೇ ಇಲ್ಲ.

ಕ್ಯಾಪ್ ಕೂಡ ನೋಡಿ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಇವೆಲ್ಲ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು ಎತ್ತರದಲ್ಲಿವೆ, ಇಲ್ಲಿ ಬರೀ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. 0.9 ಅಂತ ಬರೆದಿರುವ ಒಳ್ಳೇ ಕ್ಯಾಪ್ ಒಳಗೆ ಒತ್ತಡ ಹಿಡಿದಿಟ್ಟು ಅದನ್ನು 115 ಡಿಗ್ರಿ ದಾಟಿಸುತ್ತದೆ. ಕ್ಯಾಪಿನ ರಬ್ಬರ್ ಹರಿದಿದ್ದರೆ 95ಕ್ಕೆ ಶುರುವಾಗುವ ಫ್ಯಾನಿಗೆ ಉಳಿಯುವುದು ಮೂರೇ ಡಿಗ್ರಿ. ಏನೂ ಸಾಲದು.

ಈಗ ಆಯ್ಕೆಗಳು

ಡೈರೆಕ್ಟ್ ಮಾಡಿಸುವುದು ಎಲ್ಲರೂ ಮೊದಲು ಹೇಳುವ ಉಪಾಯ. ಅಂದರೆ ಸ್ವಿಚ್ಚನ್ನೇ ಬಿಟ್ಟು, ಕೀ ಹಾಕಿದ ಕೂಡಲೇ ಫ್ಯಾನ್. ಆಗುಂಬೆಯಿಂದ ಬಂದ ಮಾರನೇ ದಿನ ಒಬ್ಬ ಎಲೆಕ್ಟ್ರಿಷಿಯನ್ ನನಗೂ "ಹತ್ತು ನಿಮಿಷದ ಕೆಲಸ ಸರ್, ಟೆನ್ಶನ್ನೇ ಇಲ್ಲ" ಅಂತ ಮಾಡಿಕೊಟ್ಟರು. ಟೆನ್ಶನ್ ಇರಲಿಲ್ಲ, ನಿಜ. ಐದು ತಿಂಗಳಿಗೆ ಮೋಟಾರಿನ ಕಾರ್ಬನ್ ಬ್ರಷ್ ಸವೆದು ಕಿರ್ರೋ ಅನ್ನಲು ಶುರುವಾಯಿತು. ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್, ಫ್ಯಾನ್ ಮೂರೂ ಒಟ್ಟಿಗೆ ಎಳೆದರೆ ಹಳೇ ಬ್ಯಾಟರಿ ಎಷ್ಟು ಅಂತ ತಡೆಯುತ್ತದೆ? ಡೈರೆಕ್ಟ್ ಮಾಡಿದರೆ ಎಂಜಿನ್ ಬೇಕಾದಷ್ಟು ಬಿಸಿಯೇ ಆಗುವುದಿಲ್ಲ ಅಂತ ಹೇಳುತ್ತಾರೆ. ಅದು ಪೂರ್ತಿ ನಿಜ ಅಲ್ಲ, ಥರ್ಮೋಸ್ಟ್ಯಾಟ್ ಸರಿ ಇದ್ದರೆ ಆಗುತ್ತದೆ. ಆದರೆ ಡೈರೆಕ್ಟ್ ಮಾಡುವವರು ಥರ್ಮೋಸ್ಟ್ಯಾಟನ್ನೂ ಕಿತ್ತು ಬಿಸಾಕುವುದು ಒಂದು ರೂಢಿ. ಆಗ ನೋಡಿ, ಡಿಸೆಂಬರಿನ ಮಂಜಲ್ಲಿ ಗಾಡಿ ಶಿವಮೊಗ್ಗ ಮುಟ್ಟುವ ತನಕ ಚೋಕ್ ಕೇಳುತ್ತದೆ, ಪೆಟ್ರೋಲು ಕುಡಿಯುತ್ತದೆ. ಮನೆ ಮುಟ್ಟಲು ಒಂದು ದಿನಕ್ಕೆ ಡೈರೆಕ್ಟ್ ಸರಿ. ಅದನ್ನೇ ಸಂಸಾರ ಮಾಡಿಕೊಳ್ಳಬೇಡಿ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇಟ್ಟುಕೊಂಡು ಬೇಕಾದಾಗ ನಾವೇ ಹಾಕುವುದು ಇನ್ನೊಂದು ದಾರಿ. ಇದೊಂದನ್ನೇ ನಂಬಿದರೆ ಕಷ್ಟ, ಯಾಕೆಂದರೆ ಗಾಡಿಯನ್ನು ಮಗನೂ ಓಡಿಸುತ್ತಾನೆ, ಅವನಿಗೆ ಸೂಜಿ ನೋಡುವ ಅಭ್ಯಾಸವಿಲ್ಲ. ಆದರೆ ಆಟೋಮ್ಯಾಟಿಕ್ ಸ್ವಿಚ್ಚಿನ ಜೊತೆಗೆ ಇದನ್ನೂ ಇಟ್ಟುಕೊಂಡರೆ ಬಂಗಾರ. ಹುಲಿಕಲ್ ಘಾಟಿ ಬುಡದಲ್ಲೇ ಫ್ಯಾನ್ ಹಾಕಿಕೊಂಡು ಹತ್ತಬಹುದು, ಸೂಜಿ ಏರುವುದನ್ನು ಕಾಯಬೇಕಿಲ್ಲ.

ಇನ್ನು ಗಾಡಿಗೆ ಕಂಪನಿಯಿಂದಲೇ ಬಂದಿರುವಂಥ, ಮರೆ (ತಿರುಪಿನ ಸುತ್ತು) ತಿರುಗಿಸಿ ಕೂರಿಸುವ ಹಿತ್ತಾಳೆ ಸ್ವಿಚ್ಚು. ನನ್ನ ಓಟು ಇದಕ್ಕೇ. ಒಳಗೆ ಇರುವುದು ಎರಡು ಲೋಹ ಅಂಟಿಸಿದ ಒಂದು ಪುಟ್ಟ ಬಿಲ್ಲೆ. ಬಿಸಿಗೆ ಒಂದು ಲೋಹ ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ, ಬಿಲ್ಲೆ ಟಕ್ ಅಂತ ಉಲ್ಟಾ ಬಗ್ಗಿ ಪಾಯಿಂಟ್ (ಕರೆಂಟು ಹಾಯುವ ಲೋಹದ ತುದಿಗಳು) ಕೂಡಿಸುತ್ತದೆ. ತಣ್ಣಗಾದರೆ ವಾಪಸ್. ಕರೆಂಟ್ ಬೇಡ, ಸೆಟ್ಟಿಂಗ್ ಬೇಡ, ಒಳಗೆ ನೀರು ಹೋಗಲು ಜಾಗವಿಲ್ಲ. ಕೆಡುವುದೇನಿದ್ದರೂ ಹೊರಗಿನ ಪಿನ್ನು, ವೈರು. ಅದನ್ನು ಕಣ್ಣಲ್ಲೇ ನೋಡಿ ಉಜ್ಜಬಹುದು. ಕೆಲವದರ ಮೈಮೇಲೆ 92-87 ಅಂತ ಕೆತ್ತಿರುತ್ತದೆ: 92ಕ್ಕೆ ಫ್ಯಾನ್ ಶುರು, 87ಕ್ಕೆ ಬಂದ್. ನಡುವಿನ ಈ ಐದು ಡಿಗ್ರಿ ಬೇಕೇ ಬೇಕು, ಇಲ್ಲದಿದ್ದರೆ ಫ್ಯಾನ್ ನಿಮಿಷಕ್ಕೆ ಹತ್ತು ಸಲ ಹತ್ತಿ ಆರುತ್ತದೆ. ಎಸಿ ಇರುವ ಕೆಲವು ಗಾಡಿಗಳಲ್ಲಿ ಮೂರು ಪಿನ್ ಇರುತ್ತದೆ, ಮೊದಲು ನಿಧಾನ, ಇನ್ನೂ ಬಿಸಿಯಾದರೆ ಜೋರು. ಅದರ ಜಾಗಕ್ಕೆ ಎರಡು ಪಿನ್ನಿನದ್ದು ಹಾಕಿ ಹೊಂದಿಸಲು ಹೋಗಬೇಡಿ.

"ನಮ್ಮದು ಘಾಟಿ ಸೀಮೆ, ಕಮ್ಮಿ ಡಿಗ್ರಿಯದ್ದು ಹಾಕಿಸೋಣ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಲೆಕ್ಕ ಹೀಗೆ. ಥರ್ಮೋಸ್ಟ್ಯಾಟ್ 82ಕ್ಕೆ ತೆರೆಯುತ್ತದೆ ಅಂತಿಟ್ಟುಕೊಳ್ಳಿ. ಎಂಜಿನ್ ಹತ್ತಿರ ಕೂತಿರುವ ಸ್ವಿಚ್ಚು ಬಂದ್ ಆಗುವುದು 80ಕ್ಕೆ ಅಂದರೆ ಅಲ್ಲಿನ ನೀರು 80ಕ್ಕೆ ಇಳಿಯುವುದೇ ಇಲ್ಲ, ಥರ್ಮೋಸ್ಟ್ಯಾಟ್ ಬಿಡುವುದಿಲ್ಲ. ಫ್ಯಾನ್ ನಿಲ್ಲುವುದೇ ಇಲ್ಲ. ದುಡ್ಡು ಕೊಟ್ಟು ಡೈರೆಕ್ಟ್ ಮಾಡಿಸಿದ ಹಾಗಾಯಿತು ಅಷ್ಟೇ. ಎಂಜಿನ್ ಪಕ್ಕದ ಸ್ವಿಚ್ಚಿಗೆ ಥರ್ಮೋಸ್ಟ್ಯಾಟಿಗಿಂತ ಸುಮಾರು ಹತ್ತು ಡಿಗ್ರಿ ಮೇಲೆ ಶುರುವಾಗುವುದು ಸರಿ. ರೇಡಿಯೇಟರಿನಿಂದ ನೀರು ಹೊರಗೆ ಹೋಗುವ ಕಡೆ ಕೂರುವ ಸ್ವಿಚ್ಚು ಅದಕ್ಕಿಂತ ಕಮ್ಮಿ ಡಿಗ್ರಿಯದ್ದಿರುತ್ತದೆ, ಅಲ್ಲಿಗೆ ಬರುವಷ್ಟರಲ್ಲಿ ನೀರು ತಣಿದಿರುತ್ತದೆ. ಅದಕ್ಕೇ ಪಕ್ಕದ ಮನೆಯವರ ಗಾಡಿಯ ನಂಬರ್ ನೋಡಿ ನಿಮ್ಮದಕ್ಕೆ ತರಬೇಡಿ. ಸ್ವಿಚ್ ಎಲ್ಲಿ ಕೂತಿದೆ ಅನ್ನುವುದೇ ಡಿಗ್ರಿಯನ್ನು ತೀರ್ಮಾನ ಮಾಡುತ್ತದೆ.

ರೇಡಿಯೇಟರಿನಲ್ಲಿ ಮರೆ ಇರುವ ತೂತೇ ಇಲ್ಲ, ಅಥವಾ ಬೇರೆ ಯಾವುದೋ ರೇಡಿಯೇಟರ್ ತಂದು ಕೂರಿಸಿದ್ದೀರಿ ಅಂದರೆ ಹೋಸಿನ ನಡುವೆ ಹಾಕುವ ಅಲ್ಯೂಮಿನಿಯಂ ಪೈಪ್ ತುಂಡು ಸಿಗುತ್ತದೆ, ಅದರ ಮೇಲೆ ಸ್ವಿಚ್ ಕೂರಿಸಲು ತೂತಿರುತ್ತದೆ. ಮೇಲಿನ ಹೋಸ್ ಕತ್ತರಿಸಿ, ನಡುವೆ ಇದನ್ನು ತೂರಿಸಿ, ಎರಡೂ ಕಡೆ ಕ್ಲಿಪ್ ಬಿಗಿಯುವುದು. ಹೋಸಿನ ಒಳ ಅಳತೆ ಮಿಲಿಮೀಟರ್ ಲೆಕ್ಕದಲ್ಲಿ ಸರಿ ಇರಬೇಕು, "ಸುಮಾರಾಗಿ ಕೂರುತ್ತೆ" ಅನ್ನುವುದು ಘಾಟಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಬಹಳ ಜನ ಎಡವುವುದು ಅರ್ಥ್ ವಿಷಯದಲ್ಲಿ. ಪೈಪ್ ತುಂಡಿನ ಎರಡೂ ಕಡೆ ರಬ್ಬರು, ಒಂದು ಪಿನ್ನಿನ ಸ್ವಿಚ್ ಹಾಕಿದರೆ ಅದಕ್ಕೆ ಬಾಡಿಯ ಸಂಪರ್ಕವೇ ಇಲ್ಲ. ಒಂದೋ ಎರಡು ಪಿನ್ನಿನದ್ದು ಹಾಕಿ, ಇಲ್ಲವೇ ಪೈಪ್ ತುಂಡಿನಿಂದ ಬೇರೆ ಅರ್ಥ್ ವೈರ್ ಎಳೆಯಿರಿ. ಇಷ್ಟು ನೋಡಿಕೊಂಡರೆ ಇದು ನನ್ನ ಎರಡನೇ ಆಯ್ಕೆ.

ಭಾವನ ತಿರುಗಿಸೋ ಗುಂಡಿಯದ್ದಕ್ಕೆ ಬರೋಣ. ಬೆಲ್ಟ್ ಫ್ಯಾನ್ ತೆಗೆಸಿ ಕರೆಂಟ್ ಫ್ಯಾನ್ ಹಾಕಿಸಿದಾಗ ಅವನು ಇದನ್ನು ತಂದ. ತೆಳ್ಳನೆ ತಾಮ್ರದ ನಳಿಗೆ, ತುದಿಯಲ್ಲಿ ಒಂದು ಬಲ್ಬಿನಂಥ ಗುಂಡು, ಅದನ್ನು ರೇಡಿಯೇಟರ್ ರೆಕ್ಕೆಗಳ ನಡುವೆ ಸಿಕ್ಕಿಸಿ, ಗುಂಡಿ ತಿರುಗಿಸಿ ಯಾವಾಗ ಶುರುವಾಗಬೇಕು ಅಂತ ಹೊಂದಿಸುವುದು. ನೀರು ಖಾಲಿ ಮಾಡಬೇಕಿಲ್ಲ, ಅರ್ಧ ಗಂಟೆ ಕೆಲಸ. ಆದರೆ ಅದು ಅಳೆಯುವುದು ನೀರನ್ನಲ್ಲ, ರೆಕ್ಕೆಯನ್ನು. ಮಳೆಯಲ್ಲಿ ರೆಕ್ಕೆ ನೆನೆದು ತಣ್ಣಗಾದರೆ ಅದಕ್ಕೆ ಎಂಜಿನಿನ ಬಿಸಿ ತಡವಾಗಿ ಗೊತ್ತಾಗುತ್ತದೆ. ನಮ್ಮ ತೋಟದ ರಸ್ತೆಯ ಕುಲುಕಾಟಕ್ಕೆ ಗುಂಡಿ ತಾನೇ ಜರುಗುತ್ತದೆ, ಭಾವ ಈಗ ಅದಕ್ಕೆ ಎಂ-ಸೀಲ್ ಮೆತ್ತಿಟ್ಟಿದ್ದಾನೆ. ಹೊಂದಿಸುವ ಗುಂಡಿಗೆ ಎಂ-ಸೀಲ್ ಹಚ್ಚಿದ ಮೇಲೆ ಅದು ಎಂಥ ಹೊಂದಿಸುವ ಗುಂಡಿ, ಅಲ್ವಾ? ಕೆಲವರು ಆ ಗುಂಡನ್ನು ಹೋಸಿನ ಬಾಯಿಂದ ಒಳಗೆ ತೂರಿಸುತ್ತಾರೆ, ಕ್ಲಿಪ್ ಕೆಳಗೆ ನಳಿಗೆ ಹಾಯುವ ಕಡೆ ಒಂದಲ್ಲ ಒಂದು ದಿನ ಸೋರುತ್ತದೆ.

ಡಿಜಿಟಲ್ ಬಾಕ್ಸ್ ನೋಡಲು ಚಂದ. ಡಬ್ಲ್ಯೂ1209 ಅಂತ ಪುಟ್ಟ ಬೋರ್ಡ್ ಎಲ್ಲ ಕಡೆ ಸಿಗುತ್ತದೆ, 12 ವೋಲ್ಟಿನಲ್ಲಿ ಓಡುತ್ತದೆ, ಕೆಂಪು ಅಕ್ಷರದಲ್ಲಿ ಡಿಗ್ರಿ ತೋರಿಸುತ್ತದೆ, ಶುರು ಎಷ್ಟಕ್ಕೆ, ಬಂದ್ ಎಷ್ಟಕ್ಕೆ ಎರಡೂ ನಮ್ಮ ಕೈಯಲ್ಲಿ. ನಂಬರ್ ನೋಡುತ್ತಾ ಘಾಟಿ ಹತ್ತುವುದು ನಿಜಕ್ಕೂ ಮಜಾ, ಮಗನಂತೂ ಪ್ರತಿ ತಿರುವಿನಲ್ಲೂ ಕೂಗಿ ಹೇಳುತ್ತಿದ್ದ. ಆದರೆ ಬೋರ್ಡು ಬೆತ್ತಲೆ. ಬಾನೆಟ್ ಒಳಗಿಟ್ಟರೆ ಒಂದೇ ಮಳೆಗಾಲಕ್ಕೆ ಕಾಲುಗಳಿಗೆ ಕಿಲುಬು. ಕಾರಿನ ಒಳಗಿಟ್ಟು ಸೆನ್ಸರ್ ವೈರ್ ಮಾತ್ರ ಆಚೆ ಕಳಿಸಬೇಕು, ಆ ತೆಳ್ಳನೆ ವೈರು ಇಲಿಗೆ ಹಬ್ಬ. ಅದರ ರಿಲೇ ಮೇಲೆ ಎಷ್ಟೇ ಆಂಪಿಯರ್ ಅಂತ ಬರೆದಿರಲಿ, ಫ್ಯಾನನ್ನು ನೇರ ಅದಕ್ಕೆ ಜೋಡಿಸಬೇಡಿ, ಅದು ದೊಡ್ಡ ರಿಲೇಯನ್ನು ಕರೆಯಲಿ, ಫ್ಯಾನನ್ನು ಆ ರಿಲೇ ಓಡಿಸಲಿ. ನಾನು ಈಗ ಅದನ್ನು ಬರೀ ಡಿಗ್ರಿ ತೋರಿಸುವ ಮೀಟರಾಗಿ ಇಟ್ಟುಕೊಂಡಿದ್ದೇನೆ. ಆ ಕೆಲಸಕ್ಕೆ ಚೆನ್ನಾಗಿದೆ.

ಹೀಗಾಗಿ ನನ್ನ ಗಾಡಿಯಲ್ಲಿ ಈಗಿರುವುದು ಕಂಪನಿ ಡಿಗ್ರಿಯ ಹಿತ್ತಾಳೆ ಸ್ವಿಚ್ಚು, ಒಂದು ರಿಲೇ, ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಗುಂಡಿ, ಫ್ಯಾನ್ ತಿರುಗುವಾಗ ಹತ್ತುವ ಒಂದು ಚಿಕ್ಕ ಹಸಿರು ದೀಪ.

ಅಂಗಡಿಯಿಂದ ತಂದದ್ದನ್ನು ಒಲೆ ಮೇಲೆ ನೋಡಿ

ಬಿಡಿಭಾಗದ ಅಂಗಡಿಗಳಿರುವ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿ ಹೊಸ ಸ್ವಿಚ್ ತಂದ ಕೂಡಲೇ ಗಾಡಿಗೆ ಹಾಕಬೇಡಿ. ಒಂದು ಹಳೇ ಪಾತ್ರೆಯಲ್ಲಿ ನೀರಿಟ್ಟು, ಸ್ವಿಚ್ಚಿನ ಮೂತಿ ಮಾತ್ರ ಮುಳುಗುವ ಹಾಗೆ ತಂತಿಯಲ್ಲಿ ನೇತುಹಾಕಿ, ಮಲ್ಟಿಮೀಟರ್ ಕುಂಯ್ ಅನ್ನುವ ಮೋಡಿಗೆ ಇಟ್ಟು ಪಿನ್ನುಗಳಿಗೆ ಹಿಡಿಯಿರಿ. ಒಂದೇ ಪಿನ್ ಇದ್ದರೆ ಇನ್ನೊಂದು ತುದಿ ಸ್ವಿಚ್ಚಿನ ಮೈಗೆ. ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್. ನಾನು ಮಾಡಿದಾಗ ನೀರು ಗುಳುಗುಳು ಅನ್ನುವ ಮುಂಚೆ, 93ಕ್ಕೆ, ಟಕ್ ಅಂತ ಕೈಗೇ ತಾಗಿತು, ಮೀಟರ್ ಕೂಗಿತು. ಒಲೆ ಆರಿಸಿದ ಮೇಲೆ 87ಕ್ಕೆ ಸುಮ್ಮನಾಯಿತು. ಹಳೇದು ನೀರು ಕುದ್ದರೂ ಬಾಯಿ ಬಿಡಲಿಲ್ಲ. "ಆ ಪಾತ್ರೆ ಇನ್ನು ಅಡುಗೆಮನೆಗೆ ಬರಬಾರದು" ಅಂತ ಹೆಂಡತಿ ಹೇಳಿದ್ದೂ ಸರಿಯೇ, ಕೂಲೆಂಟ್ ವಿಷ. ಒಂದು ಎಚ್ಚರ: 100ಕ್ಕೆ ಶುರುವಾಗುವ ಸ್ವಿಚ್ಚನ್ನು ನಮ್ಮೂರಲ್ಲಿ ಹೀಗೆ ನೋಡಿದರೆ ಅದು ಕೂಡುವುದೇ ಇಲ್ಲ, ನೀರು 98ಕ್ಕೇ ಕುದ್ದುಬಿಡುತ್ತದೆ. ಸ್ವಿಚ್ ಕೆಟ್ಟಿದೆ ಅಂತ ಅಂಗಡಿಯವರ ಜೊತೆ ಜಗಳ ಮಾಡಬೇಡಿ.

ಕೂರಿಸುವಾಗ

ಎಂಜಿನ್ ಪೂರ್ತಿ ತಣ್ಣಗಿರಲಿ, ಬ್ಯಾಟರಿಯ ಮೈನಸ್ ಬಿಚ್ಚಿರಲಿ. ಹೊಸದನ್ನು ವಾಷರ್ ಸಮೇತ ಕೈಯಲ್ಲಿ ಹಿಡಿದುಕೊಂಡೇ ಹಳೇದನ್ನು ಬಿಚ್ಚಿ, ತೂತಿಗೆ ಹೆಬ್ಬೆರಳು ಇಟ್ಟು, ತಟ್ಟನೆ ಬದಲಾಯಿಸಿದರೆ ಹೆಚ್ಚು ನೀರು ಹೋಗುವುದಿಲ್ಲ. ಕೆಳಗೆ ಬೋಗುಣಿ ಇಡಿ, ಚೆಲ್ಲಿದ ಕೂಲೆಂಟ್ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ವಾಷರ್ ಹೊಸದೇ ಬೇಕು. ಮರೆಗೆ ಬಿಳಿ ಟೇಪ್ ಸುತ್ತಿ ಸುತ್ತಿ ದಪ್ಪ ಮಾಡಿದರೆ ಒಂದು ಪಿನ್ನಿನ ಸ್ವಿಚ್ಚಿಗೆ ಅರ್ಥ್ ಸಿಗದೆ ಹೋಗಬಹುದು. ಕೈಯಲ್ಲಿ ಬಿಗಿಯಾದ ಮೇಲೆ ಪಾನಾದಲ್ಲಿ ಸುಮಾರು ಕಾಲು ಸುತ್ತು ಸಾಕು. ರೇಡಿಯೇಟರಿನ ಟ್ಯಾಂಕ್ ಪ್ಲಾಸ್ಟಿಕ್ ಆಗಿದ್ದರೆ ಪೌರುಷ ತೋರಿಸಬೇಡಿ, ಸೀಳಿದರೆ ಸ್ವಿಚ್ಚಿನ ಹತ್ತು ಪಟ್ಟು ಖರ್ಚು.

ರಿಲೇ ಇಲ್ಲದ ಗಾಡಿಯಾದರೆ ಈಗಲೇ ಹಾಕಿಸಿ. ನೂರು ವ್ಯಾಟಿನ ಫ್ಯಾನ್ ಓಡುವಾಗ ಎಂಟು ಆಂಪಿಯರಿನಷ್ಟು ಎಳೆಯುತ್ತದೆ, ಶುರುವಾಗುವ ಗಳಿಗೆಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಆ ಕಿಡಿಯೆಲ್ಲ ಪುಟ್ಟ ಪಾಯಿಂಟಿನ ಮೇಲೆ ಬಿದ್ದರೆ ಅದು ಎಷ್ಟು ದಿನ ಬಾಳುತ್ತದೆ? ರಿಲೇ ಇದ್ದರೆ ಸ್ವಿಚ್ಚಿನ ಮೂಲಕ ಹಾಯುವುದು ಕಾಲು ಆಂಪಿಯರ್ ಕೂಡ ಅಲ್ಲ. ಜೋಡಣೆ ಕಷ್ಟವಿಲ್ಲ: 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಹಾಯ್ದು ಬರುವ ದಪ್ಪ ವೈರು, 87ರಿಂದ ಫ್ಯಾನಿಗೆ, 86ಕ್ಕೆ ಕೀ ಕರೆಂಟು, 85 ಸ್ವಿಚ್ಚಿನ ಮೂಲಕ ಅರ್ಥಿಗೆ. ಡ್ಯಾಶ್‌ಬೋರ್ಡಿನ ಗುಂಡಿಯೂ ಅದೇ 85ನ್ನು ಅರ್ಥ್ ಮಾಡಿದರೆ ಆಯಿತು, ತೆಳ್ಳನೆ ವೈರು ಸಾಕು. ಇಂಥ ಫ್ಯಾನಿಗೆ ದಪ್ಪ ವೈರು 2.5 ಸ್ಕ್ವೇರ್ ಎಂಎಂ, ಫ್ಯೂಸು 20 ಆಂಪಿಯರ್. ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ಆಮೇಲೆ ಗಾಳಿ ತೆಗೆಯಬೇಕು. ನಮ್ಮ ಅಂಗಳಗಳು ಹೇಗೂ ಇಳಿಜಾರು, ಗಾಡಿಯ ಮೂತಿ ಮೇಲ್ಮುಖವಾಗಿ ನಿಲ್ಲಿಸಿ, ಕ್ಯಾಪ್ ತೆಗೆದು, ಹೀಟರ್ ಬಿಸಿಗೆ ತಿರುಗಿಸಿ, ಎಂಜಿನ್ ನಿಧಾನ ಓಡಲಿ. ಗುಳ್ಳೆ ಬರುವುದು ನಿಲ್ಲುವ ತನಕ ಕೂಲೆಂಟ್ ಹಾಕುತ್ತಾ ಇರಿ. ಕ್ಯಾಪ್ ಮುಚ್ಚಿ, ಫ್ಯಾನ್ ತಾನಾಗಿ ಹತ್ತಿ ತಾನಾಗಿ ಆರುವುದನ್ನು ಎರಡು ಸಲ ನೋಡದೆ ಒಳಗೆ ಹೋಗಬೇಡಿ.

ಆಮೇಲಿನ ಆರೈಕೆ

ತಿಂಗಳಿಗೊಮ್ಮೆ ಗಾಡಿಯನ್ನು ಅಂಗಳದಲ್ಲೇ ಫ್ಯಾನ್ ಹತ್ತುವ ತನಕ ಓಡಿಸಿ ನಿಲ್ಲಿಸಿ. ಇದೊಂದನ್ನು ಮಾಡಿದ್ದರೆ ನನಗೆ ಆಗುಂಬೆಯಲ್ಲಿ ಮಂಗಗಳ ಪರಿಚಯ ಆಗುತ್ತಿರಲಿಲ್ಲ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಸಾಕೆಟ್ ಎಳೆದು ನೋಡಿ. ಹಸಿರು ಪುಡಿ ಇದ್ದರೆ ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ತೆಳುವಾಗಿ ವ್ಯಾಸಲಿನ್ ಸವರಿ ಒತ್ತಿ ಕೂರಿಸಿ. ಸಾಕೆಟ್ಟಿನ ರಬ್ಬರ್ ಟೋಪಿ ಹರಿದಿದ್ದರೆ ಬದಲಾಯಿಸಿ. ಅಕ್ಟೋಬರಿನಲ್ಲಿ ಇನ್ನೊಮ್ಮೆ. ಕೊಟ್ಟಿಗೆ ಪಕ್ಕ, ಅಡಕೆ ಸಿಪ್ಪೆ ರಾಶಿ ಪಕ್ಕ ಗಾಡಿ ನಿಲ್ಲಿಸುವವರು ವೈರಿಗೆ ಗಟ್ಟಿ ಪೈಪ್ ಹಾಕಿಸಿ, ಇಲಿಗೆ ಬೆಚ್ಚನೆ ಎಂಜಿನ್ ಅಂದರೆ ಪ್ರೀತಿ.

ಬೋರ್‌ವೆಲ್ ನೀರು ಹಾಕಬೇಡಿ. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಸ್ವಿಚ್ಚಿನ ಮೂತಿಗೂ ಕಟ್ಟುತ್ತದೆ, ಆಮೇಲೆ ಬಿಸಿ ತಾಗುವುದು ತಡ, ಫ್ಯಾನ್ ಹತ್ತುವುದೂ ತಡ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಬೆರೆಸಿ ಹಾಕಿ. ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬಸಿದು, ಸ್ವಿಚ್ಚನ್ನೂ ಬಿಚ್ಚಿ ಮೂತಿ ಒರೆಸಿ.

ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ತುಂಡು ತಂತಿ, ಎರಡು ಫ್ಯೂಸು, ಒಂದು ರಿಲೇ ಇಟ್ಟುಕೊಂಡಿರಿ. ಕೆಟ್ಟ ಹಳೇ ಸ್ವಿಚ್ಚನ್ನೂ ಅಲ್ಲೇ ಒಂದು ಕವರಿನಲ್ಲಿ ಹಾಕಿಡಿ. ಅಂಗಡಿಯಲ್ಲಿ "ಯಾವ ಸೈಜಿನ ಮರೆ ಸರ್" ಅಂತ ಕೇಳಿದಾಗ ಬಾಯಲ್ಲಿ ಹೇಳಲು ಬರುವುದಿಲ್ಲ, ಕೈಯಲ್ಲಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ.